ದೂರ ಪ್ರಯಾಣದ ಸರಕು ಸಾಗಣೆ ವಾಹನಗಳ ಚಾಲಕರು ಜೊತೆಯಲ್ಲಿ ಹೊಂದಿರಬೇಕಾದ ದಾಖಲೆಗಳು ಮತ್ತು ಸಾಮಗ್ರಿಗಳು

(ಚಾಲಕರು, ವಾಹನ ಮಾಲೀಕರು ಹಾಗೂ ಸಾರಿಗೆ ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ರಾಜ್ಯದಿಂದ ಹೊರ ರಾಜ್ಯಗಳಿಗೆ ಸರಕು ಸಾಗಿಸುವ ಲಾರಿಗಳು ಹಲವು ದಿನ, ಕೆಲವೊಮ್ಮೆ ಹಲವು ವಾರಗಳ ಕಾಲ ರಸ್ತೆಯ ಮೇಲಿರುತ್ತವೆ. ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ಮಾರ್ಗವಾಗಿ ಸಾಗುವ ರಾಷ್ಟ್ರೀಯ ಹೆದ್ದಾರಿ 48 ಪುಣೆ, ಮುಂಬಯಿ, ಅಹಮದಾಬಾದ್, ಜೈಪುರಗಳನ್ನು ದಾಟಿ ದೆಹಲಿಯನ್ನು ತಲುಪುತ್ತದೆ. ಇಂತಹ ಮಾರ್ಗದಲ್ಲಿ ಒಂದು ದಾಖಲೆಯ ಅವಧಿ ಮುಗಿದಿದ್ದರೂ ವಾಹನವು ಪರಸ್ಥಳದಲ್ಲಿ ನಿಲ್ಲಬೇಕಾಗುತ್ತದೆ. ದಾಖಲೆಗಳನ್ನು ನವೀಕರಿಸುವ ಹೊಣೆ ಬಹುಮಟ್ಟಿಗೆ ಮಾಲೀಕರದ್ದಾದರೂ, ತಪಾಸಣೆಯ ಸ್ಥಳದಲ್ಲಿ ಉತ್ತರ ಹೇಳಬೇಕಾದವರು ಚಾಲಕರೇ ಆಗಿರುತ್ತಾರೆ.

ಆದುದರಿಂದ ಗಮನಿಸಬೇಕಾದ ಮುಖ್ಯ ಅಂಶವೇನೆಂದರೆ, ದಾಖಲೆಗಳು ಹೊರಡುವ ದಿನ ಊರ್ಜಿತದಲ್ಲಿದ್ದರೆ ಸಾಲದು. ವಾಹನವು ಮರಳಿ ಊರಿಗೆ ಬಂದು ಸೇರುವ ದಿನದವರೆಗೂ ಊರ್ಜಿತದಲ್ಲಿರಬೇಕು. ಸರಕು ಇಳಿಸುವಲ್ಲಿನ ವಿಳಂಬ, ಮರುಪ್ರಯಾಣದ ಸರಕಿಗಾಗಿ ಕಾಯುವ ದಿನಗಳು, ದುರಸ್ತಿ ಮತ್ತು ಮಳೆಯಿಂದಾಗುವ ತಡೆ, ಇವೆಲ್ಲವನ್ನೂ ಸೇರಿಸಿ ಈ ದಿನವನ್ನು ಲೆಕ್ಕ ಹಾಕತಕ್ಕದ್ದು.

1. ವಾಹನ ಮತ್ತು ಚಾಲಕರಿಗೆ ಸಂಬಂಧಿಸಿದ ದಾಖಲೆಗಳು

ಮೋಟಾರು ವಾಹನಗಳ ಕಾಯ್ದೆ, 1988 ಮತ್ತು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ಪ್ರಕಾರ ಈ ಕೆಳಕಂಡ ದಾಖಲೆಗಳು ಅವಶ್ಯವಾಗಿರುತ್ತವೆ.

ಅ) ಚಾಲನಾ ಅನುಜ್ಞಾ ಪತ್ರ: ಸಾರಿಗೆ ವಾಹನ ಚಾಲನೆಯ ಅನುಜ್ಞಾ ಪತ್ರದ ಅವಧಿ 3 ವರ್ಷ ಇದ್ದುದನ್ನು 2019ರ ತಿದ್ದುಪಡಿ ಕಾಯ್ದೆಯು 5 ವರ್ಷಕ್ಕೆ ಹೆಚ್ಚಿಸಿದೆ. ಆದರೆ ಅವಧಿ ಮುಗಿದ ನಂತರವೂ 30 ದಿನಗಳವರೆಗೆ ಊರ್ಜಿತವೆಂದು ಪರಿಗಣಿಸುತ್ತಿದ್ದ ಹಳೆಯ ಅವಕಾಶವನ್ನು ಅದೇ ತಿದ್ದುಪಡಿಯಲ್ಲಿ ಕೈಬಿಡಲಾಗಿದೆ. ಈ ಬದಲಾವಣೆ ಅನೇಕ ಚಾಲಕರ ಗಮನಕ್ಕೆ ಬಂದಿರುವುದಿಲ್ಲ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿರುವುದರಿಂದ ಕೊನೆಯ ವಾರದವರೆಗೆ ಕಾಯುವ ಅಗತ್ಯವಿಲ್ಲ. ಅರ್ಜಿಯೊಂದಿಗೆ ನಮೂನೆ 1-ಎ ಯಲ್ಲಿ ವೈದ್ಯಕೀಯ ಪ್ರಮಾಣ ಪತ್ರವನ್ನು ಲಗತ್ತಿಸತಕ್ಕದ್ದು.

ಆ) ನೋಂದಣಿ ಪತ್ರ: ವಾಹನದ ಅನುಮತಿಸಿದ ಒಟ್ಟು ತೂಕ ಇದರಲ್ಲಿ ನಮೂದಾಗಿರುತ್ತದೆ. ಸರಕು ತುಂಬುವ ಸ್ಥಳದಲ್ಲಿ ಈ ತೂಕವನ್ನು ತೋರಿಸಿ, ಹೆಚ್ಚಿನ ಭಾರವನ್ನು ನಿರಾಕರಿಸುವ ಆಧಾರ ಚಾಲಕರಿಗೆ ಇದರಿಂದಲೇ ದೊರೆಯುತ್ತದೆ.

ಇ) ಅರ್ಹತಾ ಪತ್ರ: ಹೊಸ ಸಾರಿಗೆ ವಾಹನಕ್ಕೆ ಮೊದಲ 2 ವರ್ಷ, ನಂತರ ವಾಹನಕ್ಕೆ 8 ವರ್ಷ ತುಂಬುವವರೆಗೆ ಪ್ರತಿ ಬಾರಿ 2 ವರ್ಷ, ಆ ಮೇಲೆ ಪ್ರತಿ ಬಾರಿ 1 ವರ್ಷದ ಅವಧಿ ಇರುತ್ತದೆ. ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವನ್ನು ಕಾಯ್ದೆಯು ಸಿಂಧುವಾಗಿ ನೋಂದಣಿಯಾದ ವಾಹನವೆಂದು ಪರಿಗಣಿಸುವುದಿಲ್ಲ.

ಈ) ವಿಮಾ ಪತ್ರ: ಮೂರನೆಯ ವ್ಯಕ್ತಿಯ ಹೊಣೆಗಾರಿಕೆಯ ವಿಮೆ ಕಡ್ಡಾಯ. ಅಪಘಾತದ ಸಂದರ್ಭದಲ್ಲಿ ಚಾಲಕರ ಅನುಜ್ಞಾ ಪತ್ರ ಊರ್ಜಿತದಲ್ಲಿ ಇಲ್ಲದಿದ್ದರೆ, ವಿಮಾ ಕಂಪನಿಯು ತನ್ನ ಹೊಣೆಯನ್ನು ನ್ಯಾಯಮಂಡಳಿಯ ಮುಂದೆ ಪ್ರಶ್ನಿಸಲು ಕಾನೂನಿನಲ್ಲಿ ಅವಕಾಶವಿದೆ. ಹೀಗೆ ಒಂದು ದಾಖಲೆಯ ಲೋಪವು ಮತ್ತೊಂದರ ಪ್ರಯೋಜನವನ್ನೂ ಅಪಾಯಕ್ಕೆ ಒಡ್ಡುತ್ತದೆ.

ಉ) ರಹದಾರಿ: ರಾಷ್ಟ್ರೀಯ ರಹದಾರಿಯ ಅವಧಿ 5 ವರ್ಷವಾದರೂ, ಹೊರ ರಾಜ್ಯ ಪ್ರವೇಶಕ್ಕೆ ನೀಡುವ ಅಧಿಕಾರ ಪತ್ರದ ಅವಧಿ ಒಂದು ಬಾರಿಗೆ 1 ವರ್ಷ ಮಾತ್ರ. ರಹದಾರಿಯಲ್ಲಿನ ದಿನಾಂಕವನ್ನಷ್ಟೇ ನೋಡಿ ಹೊರಡುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಅಲ್ಲದೆ, ಈ ರಹದಾರಿಯ ಮೇಲೆ ಹೊರ ರಾಜ್ಯದ ಒಂದು ಊರಿನಲ್ಲಿ ಸರಕು ತುಂಬಿ ಅದೇ ರಾಜ್ಯದ ಮತ್ತೊಂದು ಊರಿನಲ್ಲಿ ಇಳಿಸಲು ಅವಕಾಶವಿರುವುದಿಲ್ಲ.

ಊ) ವಾಯುಮಾಲಿನ್ಯ ತಪಾಸಣಾ ಪತ್ರ: ಭಾರತ್ ಸ್ಟೇಜ್-4 ಮತ್ತು ಸ್ಟೇಜ್-6 ವಾಹನಗಳಿಗೆ 1 ವರ್ಷ, ಅದಕ್ಕಿಂತ ಹಳೆಯ ಮಾನದಂಡದ ವಾಹನಗಳಿಗೆ 6 ತಿಂಗಳು. ದೆಹಲಿಯಂತಹ ನಗರಗಳಲ್ಲಿ ಹಳೆಯ ಮಾನದಂಡದ ಸರಕು ವಾಹನಗಳ ಪ್ರವೇಶಕ್ಕೆ ನಿರ್ಬಂಧಗಳಿರುವುದರಿಂದ ಹೊರಡುವ ಮುನ್ನವೇ ವಿಚಾರಿಸಿಕೊಳ್ಳತಕ್ಕದ್ದು.

ಋ) ತೆರಿಗೆ ಪಾವತಿಯ ದಾಖಲೆ ಮತ್ತು ಸಕ್ರಿಯವಾಗಿರುವ ಫಾಸ್ಟ್ಯಾಗ್: ರಾಷ್ಟ್ರೀಯ ಹೆದ್ದಾರಿಗಳ ಶುಲ್ಕ ಕೇಂದ್ರಗಳಲ್ಲಿ ಫಾಸ್ಟ್ಯಾಗ್ 2021ರ ಫೆಬ್ರವರಿಯಿಂದ ಕಡ್ಡಾಯವಾಗಿದೆ. ಖಾತೆಯಲ್ಲಿ ಹಣವಿಲ್ಲದ ಫಾಸ್ಟ್ಯಾಗ್ ಪ್ರಯೋಜನಕ್ಕೆ ಬರುವುದಿಲ್ಲ.

2. ಸರಕಿಗೆ ಸಂಬಂಧಿಸಿದ ದಾಖಲೆಗಳು

ಸರಕಿನ ಬೆಲೆಪಟ್ಟಿ ಅಥವಾ ರವಾನೆ ಚಲನ್, ಸಾಗಣೆದಾರರು ನೀಡುವ ಸಾಗಣೆ ಚೀಟಿ, ತೂಕದ ಸೇತುವೆಯ ಚೀಟಿ ಹಾಗೂ ಇ-ವೇ ಬಿಲ್ಲಿನ ಪ್ರತಿ ಅಥವಾ ಸಂಖ್ಯೆಯನ್ನು ಚಾಲಕರು ಹೊಂದಿರತಕ್ಕದ್ದು.

ಮೌಲ್ಯ ರೂ. 50,000 ಮೀರಿದ ಸರಕಿನ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕರ್ನಾಟಕವು ರಾಜ್ಯದ ಒಳಗಿನ ಸಾಗಣೆಗೂ ಅದೇ ದಿನದಿಂದ ಇದನ್ನು ಜಾರಿಗೊಳಿಸಿತು. 2021ರ ಜನವರಿ 1ರಿಂದ ಇದರ ಊರ್ಜಿತಾವಧಿಯನ್ನು ಪ್ರತಿ 200 ಕಿ.ಮೀ. ಅಥವಾ ಅದರ ಭಾಗಕ್ಕೆ ಒಂದು ದಿನದಂತೆ ಲೆಕ್ಕ ಹಾಕಲಾಗುತ್ತದೆ. ಉದಾಹರಣೆಗೆ, 2,150 ಕಿ.ಮೀ. ದೂರಕ್ಕೆ 11 ದಿನಗಳ ಅವಧಿ ದೊರೆಯುತ್ತದೆ. ಮಾರ್ಗಮಧ್ಯೆ ವಾಹನ ಕೆಟ್ಟು ಅಥವಾ ರಸ್ತೆ ಮುಚ್ಚಿ ತಡವಾದಲ್ಲಿ, ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ ವಿಸ್ತರಣೆ ಪಡೆಯಬಹುದು. ಸರಕನ್ನು ಬೇರೆ ಲಾರಿಗೆ ವರ್ಗಾಯಿಸಿದರೆ ಹೊಸ ವಾಹನದ ಸಂಖ್ಯೆಯನ್ನು ಬಿಲ್ಲಿನಲ್ಲಿ ದಾಖಲಿಸಲೇಬೇಕು. ಆದ್ದರಿಂದ ಚಾಲಕರು ತಡವಾಗುವ ಸೂಚನೆ ಕಂಡ ಕೂಡಲೇ ಸರಕಿನ ಮಾಲೀಕರಿಗೆ ಅಥವಾ ಸಾಗಣೆದಾರರಿಗೆ ದೂರವಾಣಿ ಮಾಡತಕ್ಕದ್ದು.

ಮಿತಿಮೀರಿದ ಭಾರಕ್ಕೆ ಕಾಯ್ದೆಯ ಕಲಂ 194ರಲ್ಲಿ ರೂ. 20,000 ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ ರೂ. 2,000 ದಂಡವನ್ನು ನಿಗದಿಪಡಿಸಿದ್ದು, ಹೆಚ್ಚುವರಿ ಸರಕನ್ನು ಇಳಿಸುವ ವೆಚ್ಚವೂ ಇದಕ್ಕೆ ಸೇರುತ್ತದೆ.

ಪೆಟ್ರೋಲಿಯಂ ಉತ್ಪನ್ನ, ಅಡುಗೆ ಅನಿಲ, ಆಮ್ಲ ಮುಂತಾದ ಅಪಾಯಕಾರಿ ಸರಕು ಸಾಗಿಸುವ ಚಾಲಕರು ನಿಗದಿತ ತರಬೇತಿ ಪಡೆದು, ಅನುಜ್ಞಾ ಪತ್ರದಲ್ಲಿ ಅದರ ಹಿಂಬರಹ ಹೊಂದಿರಬೇಕು. ಸರಕಿನ ಸ್ವರೂಪ, ಸೋರಿಕೆ ಅಥವಾ ಬೆಂಕಿಯಾದಾಗ ಕೈಗೊಳ್ಳಬೇಕಾದ ಕ್ರಮಗಳನ್ನು ತಿಳಿಸುವ ಲಿಖಿತ ತುರ್ತು ಮಾಹಿತಿ ಚೀಟಿ ಚಾಲಕರ ಕೋಣೆಯಲ್ಲಿರತಕ್ಕದ್ದು. ನೆರವಿಗೆ ಬರುವ ಅಗ್ನಿಶಾಮಕ ಸಿಬ್ಬಂದಿ ನೀರು ಬಳಸಬೇಕೆ, ನೊರೆ ಬಳಸಬೇಕೆ ಎಂಬುದನ್ನು ಇದರಿಂದಲೇ ತಿಳಿಯುತ್ತಾರೆ.

3. ಮೊಬೈಲ್ ದೂರವಾಣಿಯಲ್ಲಿ ದಾಖಲೆಗಳು

2018ರಲ್ಲಿ ತಿದ್ದುಪಡಿಯಾದ ನಿಯಮ 139ರಂತೆ ದಾಖಲೆಗಳನ್ನು ಕಾಗದದ ರೂಪದಲ್ಲಿ ಅಥವಾ ವಿದ್ಯುನ್ಮಾನ ರೂಪದಲ್ಲಿ ಹಾಜರುಪಡಿಸಬಹುದು. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮೂಲಕ ತೋರಿಸುವ ದಾಖಲೆಗಳಿಗೆ ಮೂಲ ಪ್ರತಿಯ ಮಾನ್ಯತೆ ಇದೆ. ದೂರವಾಣಿಯ ಕ್ಯಾಮೆರಾದಲ್ಲಿ ತೆಗೆದ ಛಾಯಾಚಿತ್ರಕ್ಕೆ ಈ ಮಾನ್ಯತೆ ಇಲ್ಲವೆಂಬುದನ್ನು ಗಮನಿಸತಕ್ಕದ್ದು. ನೋಂದಣಿ ಪತ್ರವು ಮಾಲೀಕರ ಹೆಸರಿನಲ್ಲಿರುವುದರಿಂದ, ಚಾಲಕರು ಅದನ್ನು ತೋರಿಸಲು ಬೇಕಾದ ವ್ಯವಸ್ಥೆಯನ್ನು ಹೊರಡುವ ಮುನ್ನವೇ ಮಾಡಿಕೊಳ್ಳಬೇಕು. ಘಟ್ಟ ಪ್ರದೇಶಗಳಲ್ಲಿ ಸಂಪರ್ಕ ಜಾಲ ದೊರೆಯದಿರಬಹುದು. ಆದುದರಿಂದ ಕಾಗದದ ಒಂದು ಜೊತೆಯನ್ನು ನೀರು ತಾಗದ ಚೀಲದಲ್ಲಿ ಇಟ್ಟುಕೊಳ್ಳುವುದು ಸೂಕ್ತ.

ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅಥವಾ ಸರ್ಕಾರವು ಅಧಿಕಾರ ನೀಡಿದ ಅಧಿಕಾರಿ ಕೇಳಿದಾಗ ದಾಖಲೆಗಳನ್ನು ಹಾಜರುಪಡಿಸತಕ್ಕದ್ದು. ಅನುಜ್ಞಾ ಪತ್ರವನ್ನು ವಶಕ್ಕೆ ಪಡೆದಲ್ಲಿ ಅದಕ್ಕೆ ಸ್ವೀಕೃತಿ ಪಡೆಯುವುದು ಚಾಲಕರ ಹಕ್ಕಾಗಿರುತ್ತದೆ. ಆದರೆ ಅತಿವೇಗ, ಅಪಾಯಕಾರಿ ಚಾಲನೆ, ಮದ್ಯಪಾನ ಮಾಡಿ ಚಾಲನೆ ಮುಂತಾದ ಪ್ರಕರಣಗಳಲ್ಲಿ ಈ ಸ್ವೀಕೃತಿಯ ಮೇಲೆ ವಾಹನ ಚಲಾಯಿಸುವಂತಿಲ್ಲ.

4. ಸುರಕ್ಷತಾ ಸಾಮಗ್ರಿಗಳು

(1) ಬೆಳಕು ಪ್ರತಿಫಲಿಸುವ ಎಚ್ಚರಿಕೆ ತ್ರಿಕೋನಗಳು ಮತ್ತು ಪ್ರತಿಫಲಕ ಮೇಲಂಗಿ: ಕೆಟ್ಟು ನಿಂತ ಲಾರಿಯ ಸುತ್ತ ಕಲ್ಲು ಮತ್ತು ಮರದ ಕೊಂಬೆಗಳನ್ನಿಟ್ಟು, ದುರಸ್ತಿಯಾದ ಮೇಲೆ ಅವುಗಳನ್ನು ರಸ್ತೆಯಲ್ಲಿಯೇ ಬಿಟ್ಟು ಹೋಗುವ ರೂಢಿ ಇದೆ. ರಾತ್ರಿ ವೇಳೆ ಬರುವ ದ್ವಿಚಕ್ರ ವಾಹನ ಸವಾರರಿಗೆ ಆ ಕಲ್ಲುಗಳು ಪ್ರಾಣಾಂತಕವಾಗುತ್ತವೆ. ಇದರ ಬದಲಾಗಿ ಎಚ್ಚರಿಕೆ ದೀಪಗಳನ್ನು ಬೆಳಗಿಸಿ, ವಾಹನದ ಹಿಂದೆ ಕನಿಷ್ಠ 50 ಮೀಟರ್ ದೂರದಲ್ಲಿ ತ್ರಿಕೋನವನ್ನು ಇಡತಕ್ಕದ್ದು. ತಿರುವಿನಲ್ಲಿ ವಾಹನ ನಿಂತಿದ್ದರೆ ತ್ರಿಕೋನವು ತಿರುವಿಗೆ ಮೊದಲೇ ಕಾಣುವಂತಿರಬೇಕು.

(2) ಗಾಲಿ ತಡೆಯುವ ಕಟ್ಟಿಗೆ: ಶಿರಾಡಿ, ಅರಬೈಲು ಮುಂತಾದ ಘಾಟಿಗಳ ಇಳಿಜಾರಿನಲ್ಲಿ ಕೈ ಬ್ರೇಕ್ ಒಂದನ್ನೇ ನಂಬಿ ವಾಹನದ ಕೆಳಗೆ ದುರಸ್ತಿಗೆ ಇಳಿಯಬಾರದು.

(3) ಊರ್ಜಿತಾವಧಿಯಲ್ಲಿರುವ ಅಗ್ನಿಶಾಮಕ ಸಾಧನ: ಚಾಲಕರ ಕೈಗೆ ತಕ್ಷಣ ಸಿಗುವಂತೆ ಇರಬೇಕು; ಹಗ್ಗ ಅಥವಾ ಹಾಸಿಗೆಯ ಕೆಳಗೆ ಇಡಬಾರದು.

(4) ಬಿಡಿ ಚಕ್ರ, ಜಾಕ್, ಚಕ್ರದ ಸ್ಪ್ಯಾನರ್, ಬಿಡಿ ಬಲ್ಬುಗಳು ಮತ್ತು ಫ್ಯೂಸುಗಳು, ಕೈದೀಪ, ಟಾರ್ಪಾಲಿನ್ ಹಾಗೂ ಗಟ್ಟಿ ಹಗ್ಗ. ಹಿಂಬದಿಯ ಒಂದು ಕೆಂಪು ದೀಪ ಕೆಟ್ಟಿದ್ದರೂ ಹಿಂದಿನಿಂದ ಬರುವವರಿಗೆ ಲಾರಿಯ ಅಗಲ ತಿಳಿಯುವುದಿಲ್ಲ.

(5) ಪ್ರಥಮ ಚಿಕಿತ್ಸಾ ಪೆಟ್ಟಿಗೆ: ಔಷಧಿಗಳ ಅವಧಿಯನ್ನು ಪರಿಶೀಲಿಸುತ್ತಿರತಕ್ಕದ್ದು.

5. ಚಾಲಕರ ಆರೋಗ್ಯಕ್ಕೆ ಬೇಕಾದ ವಸ್ತುಗಳು

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಪ್ರಯಾಣದ ಅವಧಿಗೆ ಸಾಲುವಷ್ಟು ಔಷಧಿ ಹಾಗೂ ವೈದ್ಯರ ಚೀಟಿಯನ್ನು ಇಟ್ಟುಕೊಳ್ಳಬೇಕು. ಕೆಲವು ನೆಗಡಿ ಮತ್ತು ಕೆಮ್ಮಿನ ಔಷಧಿಗಳು ನಿದ್ರೆ ತರಿಸುವುದರಿಂದ ವೈದ್ಯರನ್ನು ಕೇಳದೆ ಸೇವಿಸಬಾರದು. ಕನ್ನಡಕ ಬಳಸುವವರು ಇನ್ನೊಂದು ಕನ್ನಡಕವನ್ನು ಹೊಂದಿರುವುದು ಅತ್ಯಗತ್ಯ. ಹೊರ ರಾಜ್ಯದಲ್ಲಿ ಕನ್ನಡಕ ಒಡೆದರೆ ಉಳಿದ ಪ್ರಯಾಣವೆಲ್ಲ ಅಪಾಯದ್ದಾಗುತ್ತದೆ.

ಕುಡಿಯುವ ನೀರು ಮತ್ತು ಒಂದು ದಿನಕ್ಕೆ ಸಾಲುವ ಒಣ ಆಹಾರ ಸದಾ ಇರಲಿ. 2024ರ ಜುಲೈ ತಿಂಗಳಿನಲ್ಲಿ ಸಕಲೇಶಪುರ ಸಮೀಪದ ದೊಡ್ಡತಪ್ಪಲಿನಲ್ಲಿ ಭೂಕುಸಿತವಾಗಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸಂಚಾರ ಸ್ಥಗಿತಗೊಂಡಿತ್ತು. ಅದೇ ತಿಂಗಳ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಕುಸಿದು, ಅಲ್ಲಿ ನಿಂತಿದ್ದ ವಾಹನಗಳು ಸಿಲುಕಿ ಚಾಲಕರೂ ಸೇರಿದಂತೆ ಹಲವರು ಜೀವ ಕಳೆದುಕೊಂಡರು. ನೀರು, ಆಹಾರ ಜೊತೆಯಲ್ಲಿದ್ದಲ್ಲಿ ಮಳೆಗಾಲದಲ್ಲಿ ಕಡಿದ ಗುಡ್ಡದ ಕೆಳಗೆ ವಾಹನ ನಿಲ್ಲಿಸುವ ಸಂದರ್ಭವನ್ನು ತಪ್ಪಿಸಬಹುದು.

ಸೊಳ್ಳೆ ಪರದೆ ಮತ್ತು ಹೊದಿಕೆಯು ಸರಿಯಾದ ನಿದ್ರೆಗೆ ಅವಶ್ಯ. ನಿದ್ರೆಗೆ ಬದಲಿ ವಸ್ತು ಯಾವುದೂ ಇಲ್ಲ. ನಿಂತ ಲಾರಿಯ ಕೆಳಗೆ ಮಲಗುವುದು ಹಾಗೂ ಚಾಲಕರ ಕೋಣೆಯೊಳಗೆ ಅಥವಾ ಇಂಧನ ಟ್ಯಾಂಕಿನ ಬಳಿ ಒಲೆ ಹಚ್ಚುವುದು ಅಪಾಯಕಾರಿ.

6. ಅಪಘಾತವಾದಲ್ಲಿ

ಮನೆಯವರ, ಮಾಲೀಕರ ದೂರವಾಣಿ ಸಂಖ್ಯೆ ಮತ್ತು ಚಾಲಕರ ರಕ್ತದ ಗುಂಪನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿರಬೇಕು. ತುರ್ತು ನೆರವಿಗೆ 112, ಆಂಬ್ಯುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿಗೆ 1033 ಸಂಖ್ಯೆಗಳನ್ನು ಸಂಪರ್ಕಿಸಬಹುದು. ಕಾಯ್ದೆಯ ಕಲಂ 134ರಂತೆ, ಜನರ ಆಕ್ರೋಶ ಮುಂತಾದ ಕಾರಣಗಳಿಂದ ಸಾಧ್ಯವಾಗದ ಸಂದರ್ಭವನ್ನು ಹೊರತುಪಡಿಸಿ, ಗಾಯಗೊಂಡವರಿಗೆ ಚಿಕಿತ್ಸೆ ದೊರಕಿಸುವುದು ಚಾಲಕರ ಕರ್ತವ್ಯ. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದಲ್ಲಿ ಹತ್ತಿರದ ಠಾಣೆಗೆ ಆದಷ್ಟು ಬೇಗ, ತಪ್ಪಿದರೆ 24 ಗಂಟೆಯೊಳಗೆ ವರದಿ ಮಾಡತಕ್ಕದ್ದು. 2025ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ ರೂ. 1.5 ಲಕ್ಷದ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ದೊರೆಯುತ್ತದೆ. ಗಾಯಗೊಂಡ ಚಾಲಕರೂ ಇದಕ್ಕೆ ಅರ್ಹರು.

7. ಅರ್ಜಿದಾರರ ಗಮನಕ್ಕೆ

ಅನುಜ್ಞಾ ಪತ್ರದ ನವೀಕರಣಕ್ಕೆ ಸಾರಥಿ ಜಾಲತಾಣದಲ್ಲಿಯೂ, ನೋಂದಣಿ ಮತ್ತು ವಾಹನ ಸಂಬಂಧಿ ಇತರ ಸೇವೆಗಳಿಗೆ ವಾಹನ್ ಜಾಲತಾಣದಲ್ಲಿಯೂ ಅರ್ಜಿ ಸಲ್ಲಿಸಬಹುದು. ನೋಂದಣಿ ಪತ್ರ ಕಳೆದುಹೋದಲ್ಲಿ ಪೊಲೀಸರಿಗೆ ತಿಳಿಸಿ, ನಮೂನೆ 26ರಲ್ಲಿ ನಕಲು ಪ್ರತಿಗೆ ಅರ್ಜಿ ಸಲ್ಲಿಸತಕ್ಕದ್ದು.

ಮೇಲ್ಕಂಡ ದಾಖಲೆಗಳ ಮುಕ್ತಾಯ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆದು, ಒಂದು ಪ್ರತಿಯನ್ನು ಮಾಲೀಕರ ಕಚೇರಿಯಲ್ಲಿಯೂ ಮತ್ತೊಂದನ್ನು ಲಾರಿಯಲ್ಲಿಯೂ ಇಡತಕ್ಕದ್ದು. ಅವುಗಳಲ್ಲಿ ಎಲ್ಲಕ್ಕಿಂತ ಮೊದಲು ಬರುವ ದಿನಾಂಕವು ವಾಹನ ಮರಳುವ ದಿನಕ್ಕಿಂತ ಮುಂಚಿತವಾಗಿದ್ದರೆ, ಆ ದಾಖಲೆಯನ್ನು ನವೀಕರಿಸಿದ ನಂತರವೇ ಹೊರಡುವುದು ಚಾಲಕರಿಗೂ ಮಾಲೀಕರಿಗೂ ಕ್ಷೇಮಕರ.