ಬರಹದ ಉಮೇದುವಾರಿ

ರೈಲು ಹಳಿಗಳು ನಾಲ್ಕು ದಿಕ್ಕಿಗೆ ಕವಲೊಡೆಯುವ ಊರು ಬಂಗಾರಪೇಟೆ. ಒಂದು ಹಾದಿ ಬೆಂಗಳೂರಿಗೆ, ಒಂದು ಜೋಲಾರಪೇಟೆಗೆ, ಒಂದು ಚಿನ್ನದ ಗಣಿಗಳ ಮಾರಿಕುಪ್ಪಮ್ಮಿಗೆ, ಮತ್ತೊಂದು ಕೋಲಾರಕ್ಕೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರರಾಗಿದ್ದ ಲೆವಿನ್ ಬೌರಿಂಗರ ಹೆಸರನ್ನು ಹೊತ್ತು 'ಬೌರಿಂಗ್‌ಪೇಟೆ'ಯಾಗಿದ್ದ ಈ ಊರು ಇಂದು ಬಂಗಾರದ ಹೆಸರನ್ನು ಧರಿಸಿದೆ. ಬಂಗಾರ ತೆಗೆಯುವ ಕೆಲಸ ಮಾತ್ರ ನೆರೆಯ ಗಣಿಗಳಲ್ಲಿ 2001ರ ಫೆಬ್ರವರಿ 28ರಂದು ನಿಂತುಹೋಯಿತು. ಅಲ್ಲಿಂದೀಚೆಗೆ ಗಣಿಯ ಮಕ್ಕಳ ಅನ್ನದ ಹಾದಿ ಬಹುಮಟ್ಟಿಗೆ ಬೆಳಗಿನ ರೈಲಿನ ಹಾದಿಯೇ ಆಗಿದೆ. ಆ ರೈಲಿನಲ್ಲಿ ಕಾರ್ಖಾನೆಗೂ ಅಂಗಡಿಗೂ ಹೋಗುವವರ ನಡುವೆ ಕನ್ನಡ ಎಂ.ಎ. ಓದಿದವರೂ ಪತ್ರಿಕೋದ್ಯಮ ಓದಿದವರೂ ಇರುತ್ತಾರೆ. ಅಕ್ಷರವನ್ನೇ ನೆಚ್ಚಿ ಬದುಕಬಹುದೆ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಗೆ ನಮ್ಮ ವಿದ್ಯಾಲಯಗಳು ಏನು ಉತ್ತರ ಹೇಳುತ್ತವೆಂಬುದು ವಿಚಾರಯೋಗ್ಯವಾದ ವಿಷಯ.

ಉತ್ತರದ ಒಂದು ರೂಪ ಈಗ ಕಣ್ಣಿಗೆ ಬಿದ್ದಿದೆ. ಬರಹವನ್ನು ವೃತ್ತಿಯಾಗಿ ಕಲಿಸುವ ಸ್ನಾತಕೋತ್ತರ ವ್ಯಾಸಂಗ, ಅದರ ಅಂಗವಾಗಿ ಕೆಲವು ವಾರ ಅಥವಾ ತಿಂಗಳ ಕಾಲ ಪತ್ರಿಕಾಲಯದಲ್ಲೋ ಪ್ರಕಾಶನದಲ್ಲೋ ಕಚೇರಿಯಲ್ಲೋ ನಿಂತು ದುಡಿಯುವ ನಿಯಮ. ಇದೇ ಆ ರೂಪ. ಇಂದಿನ ವಿದ್ಯಾರ್ಥಿಗಳು ಇದನ್ನು ಇಂಟರ್ನ್‌ಶಿಪ್ ಎನ್ನುತ್ತಾರೆ. ಹಳೆಯ ಮೈಸೂರಿನ ಕಚೇರಿಗಳಲ್ಲಿ ಇದಕ್ಕೆ ಹತ್ತಿರವಾದ ಒಂದು ಮಾತಿತ್ತು: ಉಮೇದುವಾರಿ. ಸಂಬಳವಿಲ್ಲದೆ ಹಿರಿಯ ಗುಮಾಸ್ತರ ಮಗ್ಗುಲಲ್ಲಿ ಕುಳಿತು, ನಕಲು ತೆಗೆದು, ಕರಡು ಬರೆದು, ಕೆಲಸ ಖಾಲಿಯಾದೀತೆಂದು ಕಾಯುತ್ತಿದ್ದವನು ಉಮೇದುವಾರ. ಆ ಮಾತಿನಲ್ಲಿ ಕಲಿಕೆಯೂ ಉಂಟು, ಆಸೆಯೂ ಉಂಟು. ಸ್ವಲ್ಪ ದೈನ್ಯವೂ ಉಂಟು. ಹೊಸ ವ್ಯವಸ್ಥೆ ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳುವುದೆಂಬುದರ ಮೇಲೆ ಅದರ ಯೋಗ್ಯತೆ ನಿಂತಿದೆ.

ಬರಹವನ್ನು ಕಲಿಸಲಾಗದು, ಅದು ಹುಟ್ಟಿನಿಂದ ಬರತಕ್ಕದ್ದು ಎಂದು ನಮ್ಮಲ್ಲಿ ಒಂದು ನಂಬಿಕೆಯುಂಟು. ಅದಕ್ಕೆ ಉದಾಹರಣೆಗಳನ್ನು ಕೋಲಾರ ಜಿಲ್ಲೆಯಿಂದಲೇ ಎತ್ತಿ ತೋರಿಸಬಹುದು. 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಲಿಲ್ಲ. ಜೀವನೋಪಾಯಕ್ಕಾಗಿ ಚಿನ್ನದ ಗಣಿಯ ಪ್ರದೇಶದಲ್ಲಿ ಸೋಡಾ ಕಾರ್ಖಾನೆಯೊಂದರಲ್ಲಿಯೂ ಕೆಲವು ಕಾಲ ದುಡಿದರು. ಬಳಿಕ ಬೆಂಗಳೂರು ಸೇರಿ 'ಸೂರ್ಯೋದಯ ಪ್ರಕಾಶಿಕಾ' ಮೊದಲಾದ ಪತ್ರಿಕೆಗಳಲ್ಲಿ ಕೆಲಸ ಮಾಡುತ್ತ ಕಲಿತರು. 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ತಾವೇ ಆರಂಭಿಸಿದರು. ಪತ್ರಿಕಾವೃತ್ತಿಯ ಧರ್ಮವನ್ನು ಕುರಿತು 'ವೃತ್ತಪತ್ರಿಕೆ' ಎಂಬ ಗ್ರಂಥವನ್ನೇ ಬರೆದರು. ಪದವಿಯಿಲ್ಲದ ಈ ಬರಹಗಾರರನ್ನು 1961ರಲ್ಲಿ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟಿನಿಂದ ಸನ್ಮಾನಿಸಿತು.

ಇದೇ ಜಿಲ್ಲೆಯ ಇನ್ನೊಬ್ಬರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. 1891ರಲ್ಲಿ ಹುಟ್ಟಿದ ಅವರು ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಮೈಸೂರು ಸಿವಿಲ್ ಸರ್ವಿಸ್ ಸೇರಿದರು. 1943ರವರೆಗೆ ಸರ್ಕಾರಿ ಕಾಗದಪತ್ರಗಳ ನಡುವೆಯೇ ಬಾಳಿದರು. 'ಕೆಲವು ಸಣ್ಣ ಕಥೆಗಳು' ಪ್ರಕಟವಾದದ್ದು 1920ರಲ್ಲಿ, ಅಧಿಕಾರದಲ್ಲಿದ್ದಾಗಲೇ. ಮಾಸ್ತಿಯವರ ಗದ್ಯದಲ್ಲಿ ಒಂದು ಮಾತೂ ಹೆಚ್ಚಿಲ್ಲವೆಂದು ಓದುಗರು ಮೆಚ್ಚುತ್ತಾರೆ. ಜನರ ಅಹವಾಲನ್ನು ಕೇಳಿ, ಸಾರವನ್ನು ಹಿಡಿದು, ನಾಲ್ಕು ಸಾಲಿನಲ್ಲಿ ತೀರ್ಮಾನ ಬರೆಯಬೇಕಾದ ಅಧಿಕಾರಿಯ ಅಭ್ಯಾಸಕ್ಕೂ ಆ ಮಿತಭಾಷಿತ್ವಕ್ಕೂ ನಂಟಿಲ್ಲವೆಂದು ಹೇಳುವುದು ಕಷ್ಟ.

ಹಾಗಾದರೆ ಬರಹಕ್ಕೆ ಪಾಠಶಾಲೆ ಏತಕ್ಕೆ? ಈ ವಾದದಲ್ಲಿ ಒಂದು ದೋಷವಿದೆ. ಕಷ್ಟವನ್ನು ಈಜಿ ದಡ ಸೇರಿದವರನ್ನು ಮಾತ್ರ ನಾವು ಎಣಿಸುತ್ತೇವೆ. ನಡುನೀರಿನಲ್ಲಿ ಮುಳುಗಿದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಗುಂಡಪ್ಪನವರಂತಹ ಸತ್ವಶಾಲಿಗೆ ಸೋಡಾ ಕಾರ್ಖಾನೆಯೂ ಅನುಭವವಾಯಿತು. ಸಾಮಾನ್ಯ ಪ್ರತಿಭೆಯ ಹುಡುಗನಿಗೋ ಹುಡುಗಿಗೋ ಅದೇ ಕೊನೆಯ ನಿಲ್ದಾಣವಾಗಬಹುದು. ಸಮಾಜಕ್ಕೆ ಬೇಕಾಗಿರುವುದು ನೂರು ವರ್ಷಕ್ಕೊಬ್ಬ ಮಹಾಲೇಖಕ ಮಾತ್ರವಲ್ಲ. ಸರಿಯಾಗಿ ಬರೆಯಬಲ್ಲ ಸಾವಿರ ಮಂದಿಯೂ ಹೌದು. ಆ ಸಾವಿರವನ್ನು ದೈವಕ್ಕೆ ಬಿಡುವುದಕ್ಕಾಗುವುದಿಲ್ಲ. ಅಲ್ಲದೆ ಮೇಲಿನ ಇಬ್ಬರೂ ಯಾರ ನೆರವೂ ಇಲ್ಲದೆ ಕಲಿತವರಲ್ಲ: ಒಬ್ಬರಿಗೆ ಪತ್ರಿಕಾಲಯ, ಇನ್ನೊಬ್ಬರಿಗೆ ಕಚೇರಿ ಗುರುವಾಯಿತು. ಅವರಿಗೆ ಆಕಸ್ಮಿಕವಾಗಿ ದೊರೆತುದನ್ನು ಕ್ರಮವಾಗಿ ದೊರೆಯುವಂತೆ ಮಾಡುವುದೇ ಹೊಸ ವ್ಯಾಸಂಗದ ಉದ್ದೇಶ.

ಹೊರನಾಡುಗಳಲ್ಲಿ ಈ ಪ್ರಯೋಗ ಹಳೆಯದು. ಅಮೆರಿಕದ ಮಿಸೌರಿಯಲ್ಲಿ 1908ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1912ರಲ್ಲಿ ಪತ್ರಿಕೋದ್ಯಮದ ಶಾಲೆಗಳು ತೆರೆದವು. ಕಥೆ ಕಾವ್ಯಗಳ ರಚನೆಯನ್ನು ಕಲಿಸುವ ಕೇಂದ್ರ ಅಯೋವಾದಲ್ಲಿ 1936ರಲ್ಲಿ ಹುಟ್ಟಿತು; ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ 1970ರಲ್ಲಿ ಅದಕ್ಕೆ ಎಂ.ಎ. ಪದವಿಯನ್ನಿಟ್ಟಿತು. ಅವಿಭಕ್ತ ಭಾರತದಲ್ಲಿ 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯ ಪತ್ರಿಕೋದ್ಯಮವನ್ನು ಬೋಧಿಸತೊಡಗಿತು. ನಮ್ಮ ನಾಡಿನಲ್ಲಿ ಮೈಸೂರಿನ ಮಹಾರಾಜಾ ಕಾಲೇಜು 1951ರಲ್ಲಿ ಆ ವಿಷಯಕ್ಕೆ ಬಾಗಿಲು ತೆರೆಯಿತು. ನಾಡಿಗ ಕೃಷ್ಣಮೂರ್ತಿಯವರು ಅಲ್ಲಿ ಅದನ್ನು ಬೆಳೆಸಿದರು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ ಹಂಚಿಹೋದಾಗ ಉತ್ತರ ವಿಶ್ವವಿದ್ಯಾಲಯದ ನೆಲೆ ಕೋಲಾರಕ್ಕೆ ಬಂತು. ಬಂಗಾರಪೇಟೆಯ ವಿದ್ಯಾರ್ಥಿಗೆ ವಿಶ್ವವಿದ್ಯಾಲಯ ಈಗ ದೂರದ ಊರಿನ ಮಾತಲ್ಲ.

ಆದರೆ ವೃತ್ತಿಬರಹವೆಂದರೆ ವರದಿಯಷ್ಟೇ ಅಲ್ಲ, ಕಥೆಯಷ್ಟೇ ಅಲ್ಲ. ಔಷಧಿಯ ಚೀಟಿ, ಬ್ಯಾಂಕಿನ ಒಪ್ಪಂದ, ಯಂತ್ರದ ಕೈಪಿಡಿ, ಪಂಚಾಯಿತಿಯ ನಡವಳಿ, ಚಲನಚಿತ್ರದ ಅಡಿಬರಹ, ಅನುವಾದ, ಜಾಹೀರಾತು, ಇವೆಲ್ಲವೂ ಅದರ ಪರಿಧಿಗೆ ಸೇರಿದವು. ಬೆಂಗಳೂರಿನ ಬೀದಿಗಳಲ್ಲಿ 'ಬಂಗಾರಪೇಟೆ ಪಾನಿಪುರಿ' ಎಂಬ ಫಲಕವನ್ನು ನೋಡದವರು ಕಡಮೆ. ಒಂದು ಊರಿನ ಹೆಸರು, ಒಂದು ತಿಂಡಿಯ ಹೆಸರು. ವ್ಯಾಪಾರಕ್ಕೆ ಅಷ್ಟೇ ಸಾಕಾಯಿತು! ಮಾತಿನ ಬೆಲೆಯನ್ನು ಬಲ್ಲ ಯಾರೋ ಅದನ್ನು ಮೊದಲು ಬರೆಸಿರಬೇಕು.

ಕಚೇರಿಯ ಬರಹಕ್ಕೆ ಈ ವಿವೇಕ ಇನ್ನೂ ಹೆಚ್ಚಾಗಿ ಬೇಕು. 1963ರ ರಾಜ್ಯಭಾಷಾ ಅಧಿನಿಯಮ ಕನ್ನಡವನ್ನು ಆಡಳಿತದ ಭಾಷೆಯನ್ನಾಗಿ ಮಾಡಿತು. ರೈತನಿಗೆ ಅರ್ಥವಾಗುವ ಕನ್ನಡವನ್ನು ಕಾನೂನು ತಾನಾಗಿ ಬರೆದುಕೊಡಲಾರದು. "ಉಲ್ಲೇಖಿತ ಪತ್ರದನ್ವಯ ಅರ್ಜಿದಾರರು ನಿಗದಿತ ಕಾಲಮಿತಿಯೊಳಗಾಗಿ ಅಗತ್ಯ ದಾಖಲಾತಿಗಳನ್ನು ಹಾಜರುಪಡಿಸತಕ್ಕದ್ದು" ಎಂಬಂತಹ ವಾಕ್ಯವನ್ನು ಯಾರು ಕಂಡಿಲ್ಲ? "ನಿಮ್ಮ ಜಮೀನಿನ ಪಹಣಿಯನ್ನು ಈ ತಿಂಗಳ 20ನೆಯ ತಾರೀಖಿನೊಳಗೆ ತಾಲ್ಲೂಕು ಕಚೇರಿಗೆ ತಂದುಕೊಡಿ" ಎಂದರೆ ಕೆಲಸವಾಗುತ್ತದೆ. ಎರಡನೆಯ ವಾಕ್ಯವನ್ನು ಬರೆಯುವುದು ಮೊದಲನೆಯದಕ್ಕಿಂತ ಕಷ್ಟ. ಯಾವ ದಾಖಲೆ, ಯಾವ ದಿನ, ಯಾವ ಕಚೇರಿ ಎಂಬುದನ್ನು ಬರೆಯುವವನು ಮೊದಲು ತಿಳಿದಿರಬೇಕಾಗುತ್ತದೆ. ಅಸ್ಪಷ್ಟ ಬರಹದ ಹಿಂದೆ ಎಷ್ಟೋ ವೇಳೆ ಅಡಗಿರುವುದು ಭಾಷೆಯ ಬಡತನವಲ್ಲ, ತಿಳಿವಳಿಕೆಯ ಆಲಸ್ಯ. ಇದನ್ನು ತರಗತಿಯ ಕೋಣೆಯಲ್ಲಿ ಹೇಳಬಹುದು. ಆದರೆ ಮೇಜಿನ ಆಚೆ ಚೀಟಿ ಹಿಡಿದು ನಿಂತ ಮುದುಕನ ಮುಖವನ್ನು ನೋಡಿದಾಗಲೇ ಅದು ಮನಸ್ಸಿಗೆ ನಾಟುತ್ತದೆ. ಕಾರ್ಯಸ್ಥಳದ ಕಲಿಕೆಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ಗಣಿಯ ನಾಡಿನವರಿಗಂತೂ ಇದನ್ನು ವಿವರಿಸಬೇಕಾಗಿಲ್ಲ. 1952ರ ಗಣಿ ಅಧಿನಿಯಮ ತನ್ನ ಸಾರಾಂಶವನ್ನು ಇಂಗ್ಲಿಷಿನಲ್ಲಿಯೂ, ನಿಯಮಿಸಿದ ಇತರ ಭಾಷೆಗಳಲ್ಲಿಯೂ ಗಣಿಯ ಬಳಿ ತೂಗುಹಾಕಬೇಕೆಂದು ವಿಧಿಸಿತು. ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಚಾಂಪಿಯನ್ ರೀಫಿನಂತಹ ಗಣಿಯಲ್ಲಿ, ತಮಿಳು, ತೆಲುಗು, ಕನ್ನಡ, ಉರ್ದು ಮಾತಾಡುವ ಜನ ಕೂಡಿ ದುಡಿಯುವಲ್ಲಿ, ಎಚ್ಚರಿಕೆಯ ಒಂದು ಮಾತು ಅರ್ಥವಾಗದಿದ್ದರೆ ನಷ್ಟವಾಗುವುದು ಅಂಕವಲ್ಲ, ಪ್ರಾಣ. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಇಲ್ಲಿನ ವಿದ್ಯಾರ್ಥಿ ತನ್ನ ಕನ್ನಡ ಶುದ್ಧವಲ್ಲವೆಂದು ಅಂಜುವುದುಂಟು. ಆದರೆ ಒಂದು ಮಾತನ್ನು ನಾಲ್ಕು ಕಿವಿಗಳಿಂದ ಕೇಳಬಲ್ಲ ಶಕ್ತಿ ಅನುವಾದಕನಿಗೆ ಮೂಲಧನ. ಅದನ್ನು ಗುರುತಿಸಿ ತಿದ್ದುವ ಗುರು ಬೇಕು, ಅಷ್ಟೆ.

ಇನ್ನು ಉಮೇದುವಾರಿಯ ದೈನ್ಯದ ವಿಷಯ. ಕೆಲಸ ಕಲಿಯಲೆಂದು ಬಂದವರನ್ನು ಕಡತ ಹೊರುವುದಕ್ಕೂ ಕಾಫಿ ತರುವುದಕ್ಕೂ ಹಚ್ಚಿ, ಕೊನೆಗೆ ಮೊಹರಿನ ಕಾಗದವೊಂದನ್ನು ಕೈಗಿತ್ತು ಕಳುಹಿಸಿದರೆ ಅದು ವಿದ್ಯೆಯಲ್ಲ, ಬಿಟ್ಟಿದುಡಿಮೆ. ಬೆಂಗಳೂರಿನಲ್ಲಿ ಎರಡು ತಿಂಗಳು ಕೊಠಡಿಯ ಬಾಡಿಗೆ ತೆರಬಲ್ಲ ಮನೆಯ ಮಕ್ಕಳಿಗೆ ಮಾತ್ರ ಒಳ್ಳೆಯ ಪತ್ರಿಕಾಲಯ ದೊರೆತರೆ, ವಿದ್ಯೆಯ ಹೆಸರಿನಲ್ಲಿ ಹಣದ ಭೇದವೇ ಮುಂದುವರಿದಂತಾಯಿತು. ಆದಕಾರಣ ಮೂರು ನಿಯಮಗಳಾದರೂ ಇರಬೇಕು. ಮೊದಲನೆಯದು, ರೈಲಿನ ಖರ್ಚೂ ಮಧ್ಯಾಹ್ನದ ಊಟವೂ ನಡೆಯುವಷ್ಟಾದರೂ ಗೌರವಧನ. ಎರಡನೆಯದು, ವಿದ್ಯಾರ್ಥಿ ಬರೆದುದನ್ನು ಹಿರಿಯರೊಬ್ಬರು ಓದಿ, ಏಕೆ ತಿದ್ದಿದೆವೆಂದು ಹೇಳಿ ತಿದ್ದುವ ಕಟ್ಟುಪಾಡು. ಕಾರಣ ಹೇಳದ ಕೆಂಪು ಗೆರೆಯಿಂದ ಯಾರೂ ಏನನ್ನೂ ಕಲಿಯರು. ಮೂರನೆಯದು, ಪ್ರಕಟವಾದ ಬರಹಕ್ಕೆ ಬರೆದವರ ಹೆಸರು.

ಇನ್ನೂ ಒಂದು ಮಾತು. ಕಾರ್ಯಸ್ಥಳವೆಂದರೆ ಬೆಂಗಳೂರೇ ಆಗಬೇಕೆ? ಜಿಲ್ಲೆಯ ನ್ಯಾಯಾಲಯ, ಆಸ್ಪತ್ರೆ, ಹಾಲು ಒಕ್ಕೂಟ, ತಾಲ್ಲೂಕು ಕಚೇರಿ, ಊರಿನ ಪತ್ರಿಕೆ, ಬಿ.ಇ.ಎಂ.ಎಲ್. ಕಾರ್ಖಾನೆ, ಇವುಗಳಲ್ಲಿ ಪ್ರತಿದಿನವೂ ಬರಹ ಹುಟ್ಟುತ್ತದೆ. ಚೆನ್ನಾಗಿ ಬರೆಯುವವರಿಗಾಗಿ ಕಾಯುತ್ತದೆ. ನೂರಿಪ್ಪತ್ತು ವರ್ಷ ನೆಲವನ್ನು ಅಗೆದ ಜನರ ನೆನಪುಗಳು ಗಣಿಯ ಲೈನುಗಳ ಮನೆಗಳಲ್ಲಿ ಇನ್ನೂ ಬಾಯಿಮಾತಾಗಿಯೇ ಇವೆ. ಇಳಿಯುವಾಗ ಹೆಂಡತಿಗೆ ಏನು ಹೇಳುತ್ತಿದ್ದರು, ಬಂಡೆ ಸಿಡಿದ ದಿನ ಯಾರು ಬದುಕಿ ಬಂದರು ಎಂಬುದನ್ನು ಹೇಳಬಲ್ಲವರ ವಯಸ್ಸು ಏರುತ್ತಿದೆ. ಆ ಮಾತುಗಳನ್ನು ತಮಿಳಿನಲ್ಲಿ ಕೇಳಿ ಕನ್ನಡದಲ್ಲಿ ಬರೆದಿಡುವುದಕ್ಕೆ ಒಂದು ಸ್ನಾತಕೋತ್ತರ ತರಗತಿ ಎರಡು ತಿಂಗಳನ್ನು ಮೀಸಲಿಟ್ಟರೆ, ವಿದ್ಯಾರ್ಥಿಗೆ ವೃತ್ತಿ ಬರುತ್ತದೆ, ನಾಡಿಗೆ ಚರಿತ್ರೆ ಉಳಿಯುತ್ತದೆ.

ಯಂತ್ರವೇ ಬರೆದುಕೊಡುವ ಈ ಕಾಲದಲ್ಲಿ ಇಷ್ಟೆಲ್ಲ ಶ್ರಮವೇಕೆಂದು ಕೇಳುವವರಿದ್ದಾರೆ. ಯಂತ್ರ ವಾಕ್ಯವನ್ನು ಜೋಡಿಸೀತು. ಆದರೆ ಯಾರೂ ಎಲ್ಲಿಯೂ ಬರೆದಿಡದ ಮಾತನ್ನು ಅದು ಎಲ್ಲಿಂದ ತಂದೀತು? ಲೈನಿನ ಮನೆಯ ಜಗಲಿಯಲ್ಲಿ ಕುಳಿತು ಕೇಳುವ ತಾಳ್ಮೆ, ಕೇಳಿದ್ದು ನಿಜವೆ ಎಂದು ಇನ್ನೊಂದು ಮನೆಯ ಬಾಗಿಲು ತಟ್ಟುವ ಎಚ್ಚರ, ಬರೆದದ್ದಕ್ಕೆ ಹೆಸರಿಟ್ಟು ಹೊಣೆ ಹೊರುವ ಧೈರ್ಯ, ಇವೇ ವೃತ್ತಿಬರಹದ ನಿಜವಾದ ಪಠ್ಯ. ಅದನ್ನು ಕಲಿಸುವ ಅಧ್ಯಾಪಕರೂ ಕಲಿಯುವ ಮಕ್ಕಳೂ ಈ ಜಿಲ್ಲೆಯಲ್ಲಿದ್ದಾರೆ. ಕಲಿಸುವ ಹಿರಿಯರು ಗಣಿಯ ಮನೆಗಳಲ್ಲಿ ಕುಳಿತಿದ್ದಾರೆ. ಅವರು ಬಹಳ ದಿನ ಕಾಯಲಾರರು.