ಕೆಲವೇ ಫಸಲು ಕಂಡ ಪಂದ್ಯಾವಳಿ

ಅಡಿಕೆ ಬೇಯಿಸುವ ಒಲೆಯ ಮುಂದೆ ಕೂತವರಿಗೆ ಗಾಲ್ಫ್ ಸುದ್ದಿ ಏತಕ್ಕೆಂದು ನಮ್ಮ ಬಸವಾಪಟ್ಟಣದ ಸದಸ್ಯ ಬಾಂಧವರು ಕೇಳಬಹುದು. ಕಾಫಿ ಸೀಮೆಯವರಿಗೇನೋ ಈ ಆಟ ಹೊಸದಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬಂತೂ 1876ರದು. ನಾವು ಹೇಳಹೊರಟಿರುವುದು ಅದೇ ನಗರದಲ್ಲಿ ನಡೆದು ನಿಂತುಹೋದ ‘ಟೇಕ್ ಸೊಲ್ಯೂಷನ್ಸ್ ಮಾಸ್ಟರ್ಸ್’ ಪಂದ್ಯಾವಳಿಯ ಕಥೆ.

ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದಲ್ಲಿ ನಡೆದ ಈ ಪಂದ್ಯಾವಳಿ 2017ರಲ್ಲಿ ಏಷ್ಯನ್ ಟೂರ್‌ಗೆ ಸೇರಿತು. ನಾಲ್ಕು ದಿನದ ಆಟ, ದಿನಕ್ಕೆ 18 ಕುಳಿ. ಅತಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನೇ ಗೆದ್ದವನು. ಎರಡು ದಿನವಾದ ಮೇಲೆ ಹಿಂದುಳಿದವರನ್ನು ಕೈಬಿಡುತ್ತಾರೆ. ಅಂಥವರಿಗೆ ಬಹುಮಾನದ ಹಣದಲ್ಲಿ ಬಿಡಿಕಾಸೂ ಇಲ್ಲ, ಬಂದುಹೋದ ಖರ್ಚು ಮಾತ್ರ ಮೈಮೇಲೆ. ಮಳೆ ಕೈಕೊಟ್ಟ ವರ್ಷ ನಮ್ಮ ಪಾಡೂ ಅದೇ ತಾನೇ?

ಮೊದಲ ವರ್ಷ ಥಾಯ್ಲೆಂಡಿನ ಪೂಮ್ ಸಕ್ಸಾನ್ಸಿನ್ ಗೆದ್ದರು. 2018ರ ಆಗಸ್ಟಿನಲ್ಲಿ ಕಲ್ಕತ್ತೆಯ ವಿರಾಜ್ ಮಾದಪ್ಪ. ವಯಸ್ಸು ಬರೀ 20! ಅಷ್ಟು ಚಿಕ್ಕ ಪ್ರಾಯದಲ್ಲಿ ಏಷ್ಯನ್ ಟೂರ್ ಪಂದ್ಯಾವಳಿ ಗೆದ್ದ ಭಾರತೀಯ ಅದುವರೆಗೆ ಇರಲಿಲ್ಲ. ಮಾದಪ್ಪ ಎಂದೊಡನೆ ಕೊಡಗಿನವರ ಕಿವಿ ನಿಮಿರುವುದು ಸಹಜವೇ. ಬಹುಮಾನಕ್ಕಿಂತ ಹೆಚ್ಚಿನ ಲಾಭವೆಂದರೆ ಟೂರಿನ ಮುಂದಿನ ಪಂದ್ಯಗಳಲ್ಲಿ ಆಡುವ ಹಕ್ಕು. ಮನೆಯಂಗಳದಲ್ಲೇ ಅದು ದೊರೆಯುತ್ತಿತ್ತೆಂಬುದು ನಮ್ಮ ಹುಡುಗರಿಗೆ ಸಣ್ಣ ಮಾತಲ್ಲ.

ಅಲ್ಲಿಗೆ ಮುಗಿಯಿತು.

ಅಂದಹಾಗೆ, ಆ ಹಸಿರು ಮೈದಾನ ಹಿಂದೆ ಚಲ್ಲಘಟ್ಟದ ಕೆರೆಯಾಗಿತ್ತು. ಸೂಳೆಕೆರೆಯನ್ನು ಕಣ್ಣೆದುರಿಗಿಟ್ಟುಕೊಂಡು ಬಾಳುವ ನಮಗೆ, ಪಂದ್ಯ ನಿಂತದ್ದಕ್ಕಿಂತ ಆ ಕೆರೆ ಹೋದದ್ದೇ ಹೆಚ್ಚು ಚುಚ್ಚಿತು.