ಬತ್ತಿ ಕತ್ತರಿಸುವ ಕಲ್ಲು: ದುಬೈ ಅಂಗಳದಲ್ಲಿ ಲಾವಾ

ದುಬೈ, ಅಬುಧಾಬಿಯ ವಿಲ್ಲಾಗಳ ಮುಂದೆ ನಡೆದಿದ್ದರೆ ನೀವು ಇದನ್ನ ನೋಡಿರುತ್ತೀರಿ: ಗಿಡಗಳ ಬುಡದಲ್ಲಿ ಮಣ್ಣು ಕಾಣದ ಹಾಗೆ ಹರಡಿದ, ಕೆಂಪು ಅಥವಾ ಕಪ್ಪು ಬಣ್ಣದ, ತೂತುತೂತಾದ ಹಗುರ ಕಲ್ಲು. ಅದೇ ಲಾವಾ ಕಲ್ಲು, ಭೂವಿಜ್ಞಾನದಲ್ಲಿ ಸ್ಕೋರಿಯಾ. "ನೀರು ಉಳಿಸುತ್ತೆ" ಅಂತಾರೆ ಕೆಲವರು, "ಗಿಡ ಸುಡುತ್ತೆ" ಅಂತಾರೆ ಇನ್ನು ಕೆಲವರು. ಇಬ್ಬರ ಮಾತಲ್ಲೂ ಸತ್ಯವಿದೆ.

ಮೊದಲು ನೀರು. ಇಲ್ಲಿನ ಸರಾಸರಿ ವಾರ್ಷಿಕ ಮಳೆ 100 ಮಿಲಿಮೀಟರ್ ಕೂಡ ದಾಟಲ್ಲ. ನಲ್ಲಿಯಲ್ಲಿ ಬರುವುದು ಬಹುಪಾಲು ಉಪ್ಪು ತೆಗೆದ ಸಮುದ್ರದ ನೀರು. ಅದರ ಪ್ರತಿ ಲೀಟರ್‌ಗೂ ಇಂಧನ ಖರ್ಚಾಗಿದೆ. ಆ ನೀರನ್ನು ಮರಳಿಗೆ ಹಾಕಿದರೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಕಣಗಳ ಸಂದಿನಲ್ಲಿ ಒಂದಿಷ್ಟು ಮೇಲೇರಿ ಆವಿಯಾಗುತ್ತೆ. ಜೊತೆಗೆ ತಂದ ಲವಣವನ್ನು ಮೇಲ್ಮಣ್ಣಿನಲ್ಲೇ ಬಿಡುತ್ತೆ.

ಲಾವಾ ಹೊದಿಕೆ ಈ ಬತ್ತಿಯನ್ನು ಕತ್ತರಿಸುತ್ತೆ. ಕಲ್ಲುಗಳ ನಡುವಿನ ಸಂದು ದೊಡ್ಡದು, ನೀರು ಅದನ್ನು ಹತ್ತಲಾರದು. ಕಲ್ಲಿನೊಳಗಿನ ತೂತುಗಳು ನೀರು ಕೂಡಿಟ್ಟು ಬೇರಿಗೆ ಕೊಡುತ್ತವೆ ಎಂಬ ನಂಬಿಕೆ ಇದೆ. ಬೇರು ಇರೋದು ಕಲ್ಲಿನ ಕೆಳಗೆ. ಮೇಲಿನ ಕಲ್ಲು ಹೀರಿದ ನೀರು ಬಿಸಿಲಿಗೆ ಹೋಗುತ್ತೆ, ಅಷ್ಟೆ.

ಸ್ಪೇನಿನ ಲಾಂಜರೋಟೆ ದ್ವೀಪದ ರೈತರಿಗೆ ಈ ಉಪಾಯ ಹಳೆಯದು. 1730ರಿಂದ 1736ರವರೆಗೆ ಅಲ್ಲಿ ಜ್ವಾಲಾಮುಖಿ ಉಗುಳಿ ಹೊಲಗಳು ಹೂತುಹೋದವು. ಆ ಕಪ್ಪು ಹರಳಿನ ಅಡಿಯ ಮಣ್ಣು ತೇವವಾಗಿಯೇ ಉಳಿಯುವುದನ್ನು ಕಂಡವರು ಅದರಲ್ಲೇ ಗುಂಡಿ ತೋಡಿ ದ್ರಾಕ್ಷಿ ಬೆಳೆಸಿದರು.

ಆದರೆ ಲಾಂಜರೋಟೆಗೆ ಅಟ್ಲಾಂಟಿಕ್ ಗಾಳಿ ಇದೆ. ದುಬೈನ ಜುಲೈನಲ್ಲಿ ನೆರಳಲ್ಲೇ 45 ಡಿಗ್ರಿ ಆಗುತ್ತೆ. ಬಿಸಿಲಿನ ಕಪ್ಪು ಕಲ್ಲು 60 ದಾಟುತ್ತೆ. ತೂತುಗಳಲ್ಲಿ ಗಾಳಿ ತುಂಬಿರುವುದರಿಂದ ಶಾಖ ಕೆಳಗೆ ಸುಲಭವಾಗಿ ಇಳಿಯಲ್ಲ. ಅಂದರೆ ಬೇರಿಗೆ ರಕ್ಷಣೆ, ಆದರೆ ಮೇಲಿನ ಎಲೆಗೆ, ಕಾಂಡಕ್ಕೆ, ಮಕ್ಕಳ ಬರಿಗಾಲಿಗೆ ಕಾವು.

ಇನ್ನೊಂದು ಮಿತಿ: ಕಲ್ಲು ಮಣ್ಣಿಗೆ ಊಟ ಹಾಕಲ್ಲ. ವಿಜಯಪುರದ ಎರೆಭೂಮಿ ಲಾವಾದಿಂದಲೇ ಹುಟ್ಟಿದ್ದು, ನಿಜ. ಆದರೆ ಆ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ! ನಿಮ್ಮ ಮಲ್ಲಿಗೆ ಅಷ್ಟು ಕಾಯಲ್ಲ. ಒಣಗಿದ ಎಲೆ, ಕತ್ತರಿಸಿದ ಖರ್ಜೂರದ ಗರಿ ಕೂಡ ಆವಿಯನ್ನು ತಡೆಯುತ್ತವೆ, ಜೊತೆಗೆ ಕೊಳೆತು ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತವೆ.

ಹಾಗಾದ್ರೆ ಏನು ಮಾಡೋದು? ತುಳಸಿ, ಮಲ್ಲಿಗೆಗೆ ಎಲೆಯ ಹೊದಿಕೆ. ಕಳ್ಳಿ ಜಾತಿಯ ಗಿಡಗಳಿಗೆ, ಅಥವಾ ಯುಎಇಯ ರಾಷ್ಟ್ರೀಯ ವೃಕ್ಷ ಘಾಫ್‌ಗೆ, ಅಂದ್ರೆ ನಮ್ಮ ದಸರೆಯ ಬನ್ನಿಗೆ, ಲಾವಾ ಸರಿ. ದಪ್ಪ 5ರಿಂದ 7 ಸೆಂಟಿಮೀಟರ್ ಸಾಕು. ಹನಿ ನೀರಾವರಿ ಪೈಪು ಕಲ್ಲಿನ ಅಡಿಯಲ್ಲಿರಲಿ, ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡಿ. ಶಮಾಲ್ ಗಾಳಿ ತಂದ ಮರಳು ಸಂದುಗಳಲ್ಲಿ ತುಂಬಿದರೆ ಕತ್ತರಿಸಿದ ಬತ್ತಿ ಮತ್ತೆ ಜೋಡಣೆಯಾಗುತ್ತೆ, ಕಳೆಯೂ ಮೊಳೆಯುತ್ತೆ. ಆಗಾಗ ಕಲ್ಲು ಎತ್ತಿ ಜರಡಿ ಹಿಡಿಯಬೇಕು.

ನಂಬಿಕೆ ಬರಲಿಲ್ವಾ? ಒಂದೇ ಅಳತೆಯ ಎರಡು ಕುಂಡಗಳಿಗೆ ಒಂದೇ ಮರಳು, ಅಷ್ಟೇ ನೀರು ಹಾಕಿ. ಒಂದಕ್ಕೆ ಮಾತ್ರ ಲಾವಾ ಹೊದಿಸಿ, ಎರಡನ್ನೂ ತೂಗಿ ಬಿಸಿಲಲ್ಲಿಡಿ. ತಳದಿಂದ ನೀರು ಸೋರಬಾರದು. ವಾರವಿಡೀ ದಿನಾ ಸಂಜೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಾ ಬನ್ನಿ. ಕಡಿಮೆಯಾದ ಪ್ರತಿ ಗ್ರಾಂ ತೂಕವೂ ಆವಿಯಾಗಿ ಹೋದ ನೀರು. ನಿಮ್ಮ ಅಂಕಿಗಳನ್ನು ನಮಗೂ ಬರೆದು ಕಳಿಸಿ.